ಅವಳನ್ನು ಕೇಳಲಿಲ್ಲ

ಹೊಸೂರಿನಿಂದ ತಳಿಗೋ ಡೆಂಕಣಿಕೋಟೆಗೋ ಹೊರಟವರು ಈ ಫ್ಲೆಕ್ಸ್‌ಗಳನ್ನು ನೋಡಿಯೇ ಇರುತ್ತೀರಿ. ರೇಷ್ಮೆ ಸೀರೆ, ಮೈತುಂಬ ಒಡವೆ ಹೊತ್ತ ಹನ್ನೆರಡು ಹದಿಮೂರರ ಹುಡುಗಿ. ಮೇಲೆ ತಮಿಳಿನಲ್ಲಿ ‘ಮಂಜಳ್ ನೀರಾಟ್ಟು ವಿಳಾ’. ಕೆಳಗೆ ನೆಂಟರಿಷ್ಟರ ಸಾಲುಸಾಲು ಮುಖಗಳು. ಹುಡುಗಿ ಮೈನೆರೆದಾಗ ಮಾಡುವ ಇದನ್ನು ಕನ್ನಡದವರಾದ ನಾವು ಮನೆಯಲ್ಲಿ ಒಸಗೆ ಎನ್ನುತ್ತೇವೆ, ಫ್ಲೆಕ್ಸ್ ಮಾತ್ರ ಎಲ್ಲರದೂ ಒಂದೇ. ಅಂಥದೊಂದನ್ನು ನನ್ನ ಅಕ್ಕನ ಮಗಳಿಗೆ ಹಾಕಿಸಿದವನು ನಾನು.

ಸೋದರಮಾವನಾದ ಮೇಲೆ ಹಸಿರು ಗುಡ್ಲು ಕಟ್ಟಬೇಕು, ಉಡುಗೊರೆಯ ಸೀರು ತರಬೇಕು. ಯಾವುದಕ್ಕೂ ಕಡಿಮೆಯಾಗಬಾರದೆಂಬ ಹಟ ನನ್ನದು. ಅವಳ ಸ್ಕೂಲ್ ವ್ಯಾನು ತಿರುಗುವ ಸರ್ಕಲ್ಲಿನಲ್ಲೇ ಫ್ಲೆಕ್ಸ್ ಕಟ್ಟಿಸಿದೆ, ಎಲ್ಲರ ಕಣ್ಣಿಗೂ ಬೀಳಲಿ ಅಂತ. ಬಿತ್ತು. ಕ್ಲಾಸಿನ ಹುಡುಗರು ಅದರ ಫೋಟೊ ತೆಗೆದು ಫೋನಿನಿಂದ ಫೋನಿಗೆ ಕಳಿಸಿದರು. ಅವಳು ಹೊಟ್ಟೆನೋವೆಂದು ಸ್ಕೂಲಿಗೆ ಹೋಗುವುದನ್ನೇ ಬಿಟ್ಟಳು. ಮೊದಮೊದಲು ಹೀಗೇ ಇರುತ್ತೆ ಅಂದುಕೊಂಡೆವು. ಕೊನೆಗೊಂದು ಸಂಜೆ ಅವಳೇ ಹೇಳಿದಳು: “ಮಾವ, ನಂಗೆ ಆಗಿದ್ದನ್ನ ನಾನು ಅಮ್ಮನಿಗೆ ಮಾತ್ರ ಹೇಳಿದ್ದೆ.”

ಆ ರಾತ್ರಿಯೇ ಹೋಗಿ ಫ್ಲೆಕ್ಸ್ ಬಿಚ್ಚಿದೆ. ಫೋನುಗಳೊಳಗೆ ಹೋಗಿದ್ದನ್ನು ಬಿಚ್ಚುವುದು ಹೇಗೆ?

ಅಕ್ಕನ ಹತ್ತಿರ ಕೂತು ಮಾತಾಡಿದಾಗ ಇನ್ನೊಂದು ಗೊತ್ತಾಯಿತು. ಮೊದಲ ದಿನ ರಕ್ತ ಕಂಡು, ಎಲ್ಲೋ ಗಾಯವಾಗಿದೆಯೆಂದು ಅವಳು ಬಚ್ಚಲಲ್ಲಿ ಅತ್ತಿದ್ದಳಂತೆ. ಎದೆ ಮೂಡತೊಡಗಿದ ಎರಡು ಮೂರು ವರ್ಷಕ್ಕೆ ಮುಟ್ಟು ಶುರುವಾಗುತ್ತದೆ, ಮೊದಲೆರಡು ವರ್ಷ ತಿಂಗಳ ಲೆಕ್ಕ ತಪ್ಪುವುದು ಸಹಜ ಎಂಬಷ್ಟನ್ನೂ ಯಾರೂ ಹೇಳಿರಲಿಲ್ಲ. ತಮಿಳುನಾಡು ಸರ್ಕಾರ ‘ಪುದು ಯುಗಂ’ ಯೋಜನೆ ತಂದು 10ರಿಂದ 19 ವರ್ಷದ ಹಳ್ಳಿ ಹುಡುಗಿಯರಿಗೆ ಪ್ಯಾಡ್ ಪುಕ್ಕಟೆ ಕೊಡತೊಡಗಿದ್ದು 2012ರಲ್ಲಿ. ಪ್ಯಾಡ್ ಮನೆತನಕ ಬಂತು. ಅದರ ಜೊತೆ ಆಡಬೇಕಾದ ಮಾತು ನಮ್ಮ ಬಾಯಿಂದ ಬರಲಿಲ್ಲ.

ಒಸಗೆಯ ದಿನ ಅರಿಶಿನ ಹಚ್ಚಲು ಬಂದವರೆಲ್ಲ ಅವಳ ಕೆನ್ನೆ, ತೋಳು ಸವರಿದರು. ಅವಳು ಹಿಂದೆ ಸರಿದರೆ ನಾಚಿಕೆಯೆಂದು ನಕ್ಕೆವು. ಯಾರಾದರೂ ಮೈಮುಟ್ಟುವುದು ಇಷ್ಟವಾಗದಿದ್ದರೆ ಬೇಡ ಅನ್ನು, ಹೆದರಿಕೆಯಾದರೆ 1098ಕ್ಕೆ ಫೋನ್ ಮಾಡು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಮನೆಯವರೇ ಕೇಳಿಸಿಕೊಳ್ಳದ ‘ಬೇಡ’ವನ್ನು ಅವಳು ಹೊರಗಿನವರ ಮುಂದೆ ಯಾವ ಧೈರ್ಯದಿಂದ ಹೇಳಬೇಕು?

ಒಸಗೆಯೇ ಬೇಡವೆಂದು ನಾನು ಅನ್ನಲಾರೆ. ನಮ್ಮಜ್ಜಿಯ ಕಾಲದಲ್ಲಿ ಹೆಂಗಸರಷ್ಟೇ ಸೇರಿ ಆರತಿ ಎತ್ತಿ, ಚಿಗಳಿ ತಿನ್ನಿಸುತ್ತಿದ್ದರು. ಅದರಲ್ಲಿ ಅಕ್ಕರೆ ಇತ್ತು. ಈಗ ಯಾರಾದರೂ ಕರೆಯೋಲೆ ತಂದರೆ “ಮಗೂನ ಕೇಳಿದ್ರಾ?” ಅನ್ನುತ್ತೇನೆ. ಕೆಲವರು ಮುಖ ಗಂಟುಹಾಕಿಕೊಂಡು ಎದ್ದುಹೋಗುತ್ತಾರೆ. ಅಕ್ಕನ ಕಿರಿಮಗಳಿಗೆ ಈಗ ಒಂಬತ್ತು. ಅವಳಿಗೆ ಅಕ್ಕ ಈಗಿನಿಂದಲೇ ಒಂದೊಂದಾಗಿ ಹೇಳಿಕೊಡುತ್ತಿದ್ದಾಳೆ. ಅಮ್ಮ ಬಿಟ್ಟದ್ದನ್ನು ದೊಡ್ಡವಳು ಸೇರಿಸುತ್ತಾಳಂತೆ.