ಡಿ.ವಿ.ಡಿ. ಕುಗ್ಗಿಸಿದ ಪ್ರಸಂಗ

ಎಸೆಯಲು ಮನಸ್ಸು ಬಾರದ, ಇಟ್ಟುಕೊಂಡರೆ ಉಪಯೋಗಕ್ಕೂ ಬಾರದ ಕೆಲವು ವಸ್ತುಗಳು ಎಲ್ಲ ಗೃಹಸ್ಥರ ಮನೆಗಳಲ್ಲಿಯೂ ಇರುವುದುಂಟು. ನಮ್ಮ ಬೀರುವಿನಲ್ಲಿ ಅಂಥವು ಮೂರು ಡಿ.ವಿ.ಡಿ. ತಟ್ಟೆಗಳಿದ್ದುವು. ೨೦೦೭ರಲ್ಲಿ ನಮ್ಮ ಹಿರಿಯ ಮಗಳ ವಿವಾಹವಾದಾಗ ವಿಡಿಯೋ ತೆಗೆದವರು ಕೊಟ್ಟವು ಅವು. ಅವನ್ನು ಹಾಕಿ ನೋಡುವ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ನಮ್ಮ ಈಗಿನ ಲ್ಯಾಪ್‌ಟಾಪಿಗೋ ತಟ್ಟೆಯನ್ನು ನುಂಗುವ ಬಾಯಿಯೇ ಇಲ್ಲ.

ಹೀಗಿರಲು, ಪರದೇಶದಲ್ಲಿರುವ ಆ ಮಗಳು ಒಂದು ದಿನ ದೂರವಾಣಿಯಲ್ಲಿ, “ಅಪ್ಪಾ, ನನ್ನ ಮದುವೆಯಲ್ಲಿ ಅಜ್ಜಿ ಆರತಿಯ ಹಾಡು ಹೇಳಿದ್ದರಲ್ಲ, ಅದನ್ನು ಪುಟ್ಟಿಗೆ ತೋರಿಸಬೇಕು. ಹೇಗಾದರೂ ಕಳುಹಿಸಿಕೊಡಿ” ಎಂದಳು. ನಮ್ಮ ತಾಯಿಯವರು ಕಾಲವಾದುದು ೨೦೧೨ರಲ್ಲಿ. ಅವರ ಕಂಠವು ಉಳಿದಿರುವುದು ಎರಡನೆಯ ತಟ್ಟೆಯೊಂದರಲ್ಲಿ. ಅದೂ ನಾಲ್ಕೇ ನಿಮಿಷ.

ನಮ್ಮ ಸೋದರಳಿಯನು ಹೊರಗಿನಿಂದ ಜೋಡಿಸುವ ಡಿ.ವಿ.ಡಿ. ಡ್ರೈವೊಂದನ್ನು ತಂದುಕೊಟ್ಟನು. ಮನೆಯಲ್ಲಿ ಬರೆಯಿಸಿದ ಇಂಥ ತಟ್ಟೆಗಳಲ್ಲಿ ಚಿತ್ರವು ನಿಂತಿರುವುದು ತೆಳುವಾದ ಒಂದು ಬಣ್ಣದ ಪದರದಲ್ಲಿ. ಸೆಕೆ ಬೆಳಕುಗಳಿಗೆ ಅದು ಕಾಲಕ್ರಮದಲ್ಲಿ ಕೆಡುತ್ತದೆ. ಎರಡನೆಯ ತಟ್ಟೆಯಂತೂ ಹತ್ತು ಸಲ ಒರಸಿ ಒರಸಿ ಹಾಕಿದ ಮೇಲೆ ಒಮ್ಮೆ ಓದಿಸಿಕೊಂಡಿತು. ಆಮೇಲೆ ಏನು ಮಾಡಿದರೂ ಓದಿಸಿಕೊಳ್ಳಲಿಲ್ಲ. ಕಂಪ್ಯೂಟರಿಗೆ ಇಳಿದ ೪.೨ ಗಿಗಾಬೈಟಿನ ಪ್ರತಿಯೇ ನಮಗೆ ಉಳಿದ ಸರ್ವಸ್ವ.

ಅಷ್ಟು ದೊಡ್ಡದನ್ನು ಕಳುಹಿಸುವುದು ಕಷ್ಟ. ಕುಗ್ಗಿಸುವ ತಂತ್ರಾಂಶಗಳಿಗಾಗಿ ಹುಡುಕಿದರೆ ಸಂತೆಯೇ ತೆರೆಯಿತು. ಪ್ರತಿಯೊಂದೂ ತಾನೇ ಉತ್ತಮವೆಂದು ಸಾರುತ್ತಿತ್ತು. ಪುಕ್ಕಟೆಯೆಂದು ನಂಬಿ ಮೊದಲು ಹಿಡಿದುದು ಕೆಲಸವೆಲ್ಲ ಮುಗಿಸಿ, ಚಿತ್ರದ ನಡುವೆ ತನ್ನ ಹೆಸರನ್ನು ಒತ್ತಿಬಿಟ್ಟಿತು. ಮದುಮಗಳ ಹಣೆಯಲ್ಲಿ ಬಾಸಿಂಗವಿರಬೇಕಾದಲ್ಲಿ ಒಂದು ವ್ಯಾಪಾರದ ಮುದ್ರೆ! ಎರಡನೆಯದು, “ಎಷ್ಟು ದೊಡ್ಡದಿರಬೇಕು?” ಎಂದಷ್ಟೇ ಕೇಳಿತು. ನಾವು ಉತ್ಸಾಹದಿಂದ ೩೦೦ ಮೆಗಾಬೈಟ್ ಎಂದೆವು. ಎರಡು ಗಂಟೆಯ ವಿವಾಹವನ್ನು ಅದು ಅಷ್ಟಕ್ಕೇ ಇಳಿಸಿಕೊಟ್ಟಿತು. ಹಗಲಿನ ಚಪ್ಪರದ ದೃಶ್ಯವನ್ನು ಸಣ್ಣ ಕಿಟಕಿಯಲ್ಲಿ ನೋಡಿ ತೃಪ್ತರಾಗಿ, ಜಾಗ ಉಳಿಯಲೆಂದು ದೊಡ್ಡ ಪ್ರತಿಯನ್ನು ಅಳಿಸಲು ಕೈಯಿಟ್ಟೆವು.

“ಸ್ವಲ್ಪ ತಡೆಯಿರಿ, ಅತ್ತೆಯವರ ಹಾಡನ್ನು ನೋಡದೆ ಏನನ್ನೂ ಅಳಿಸಕೂಡದು” ಎಂದಳು ನಮ್ಮ ಮನೆಯಾಕೆ.

ಹಾಕಿ ನೋಡಿದೆವು. ಸಂಜೆಯ ಮಬ್ಬು, ದೀಪದ ಕುಡಿ, ಆರತಿಯ ತಟ್ಟೆ. ಅದರ ಹಿಂದೆ ಚೌಕ ಚೌಕವಾಗಿ ಒಡೆದ ಒಂದು ಮಸುಕು. ಅದು ನಮ್ಮ ತಾಯಿಯವರ ಮುಖ.

ಸೋದರಳಿಯನು ನಕ್ಕು, “ಮಾವ, ತಪ್ಪು ತಂತ್ರಾಂಶದ್ದಲ್ಲ, ನೀವು ಕೊಟ್ಟ ಅಳತೆಯದು” ಎಂದು ವಿವರಿಸಿದನು. ನಮ್ಮ ದೇಶದ ಪದ್ಧತಿಯ ಡಿ.ವಿ.ಡಿ.ಯಲ್ಲಿ ಸೆಕೆಂಡಿಗೆ ೨೫ ಚಿತ್ರಗಳು. ಕುಗ್ಗಿಸುವ ವಿದ್ಯೆಯು ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದುಕೊಂಡು, ಮುಂದಿನವುಗಳಲ್ಲಿ ಬದಲಾದುದನ್ನು ಮಾತ್ರ ಗುರುತುಹಾಕುತ್ತದೆ. ಚಪ್ಪರದ ಕಂಬ ಅಲುಗುವುದಿಲ್ಲ, ಅದಕ್ಕೆ ಖರ್ಚಿಲ್ಲ. ಆದರೆ ಅಲುಗುವ ದೀಪ, ಹೊಗೆ, ಮಬ್ಬಿನಲ್ಲಿ ಕ್ಯಾಮೆರಾ ಕಾಣುವ ಮರಳಿನಂಥ ಕಣಗಳು, ಇವು ಕ್ಷಣಕ್ಷಣಕ್ಕೂ ಬೇರೆ. ಒಟ್ಟು ಗಾತ್ರವನ್ನು ಬಿಗಿಹಿಡಿದರೆ ಅಲ್ಲಿಯೇ ಬಡತನ ಕಾಣುತ್ತದೆ. ಡಿ.ವಿ.ಡಿ.ಯ ಚಿತ್ರವಾದರೋ ಎಂಪೆಗ್-೨ ಎಂಬ ಹಳೆಯ ಕ್ರಮದಲ್ಲಿ ಒಮ್ಮೆ ಕುಗ್ಗಿದುದೇ. ಹಾಲನ್ನು ಬತ್ತಿಸಿ ಖೋವ ಮಾಡಬಹುದು, ಖೋವದಿಂದ ಮತ್ತೆ ಆ ಹಾಲು ಬರಲಾರದು. ಮಿತಿಮೀರಿದರೆ ತಳ ಹತ್ತುವುದು ನಿಶ್ಚಯ.

ಕೊನೆಗೆ ನಾವು ಆರಿಸಿಕೊಂಡುದು ಹ್ಯಾಂಡ್‌ಬ್ರೇಕ್ ಎಂಬುದನ್ನು. ೨೦೦೩ರಲ್ಲಿ ಹುಟ್ಟಿದ ಇದು ನಿಜವಾಗಿಯೂ ಉಚಿತ. ಚಿತ್ರದ ಮೇಲೆ ತನ್ನ ಮುದ್ರೆಯೊತ್ತುವುದಿಲ್ಲ. ಅಂಗಡಿಯ ಚಲಚ್ಚಿತ್ರದ ತಟ್ಟೆಗಳಿಗೆ ಸಾಮಾನ್ಯವಾಗಿ ಇರುವ ಬೀಗವನ್ನು ಇದು ತಾನಾಗಿ ತೆಗೆಯುವುದಿಲ್ಲ. ನಮ್ಮದು ಮನೆಯ ತಟ್ಟೆಯಾದ ಕಾರಣ ಆ ತೊಡಕಿರಲಿಲ್ಲ. ಇದರಲ್ಲಿ ಗಾತ್ರಕ್ಕೆ ಬದಲಾಗಿ ಗುಣವನ್ನೇ ಗೊತ್ತುಮಾಡಬಹುದು. ಅದಕ್ಕೊಂದು ಅಂಕಿಯುಂಟು, ಅಂಕಿ ಇಳಿದಷ್ಟೂ ಚಿತ್ರ ಚೆನ್ನು, ಗಾತ್ರ ಹೆಚ್ಚು. ಡಿ.ವಿ.ಡಿ.ಯ ಅಳತೆಯ ಚಿತ್ರಕ್ಕೆ ೧೮ರಿಂದ ೨೨ರವರೆಗೆ ತಕ್ಕುದು. ನಾವು ೨೦ನ್ನು ಹಿಡಿದು, ೨೦೦೩ರಲ್ಲಿ ಬಂದ ಎಚ್.೨೬೪ ಕ್ರಮವನ್ನು ಆರಿಸಿದೆವು. ಬಹುಮಟ್ಟಿಗೆ ಎಲ್ಲ ಫೋನು ಟೆಲಿವಿಷನ್‌ಗಳಲ್ಲಿಯೂ ಅದು ನಡೆಯುತ್ತದೆ. ಹಳೆಯ ಕ್ಯಾಮೆರಾಗಳು ಬೆಸ ಗೆರೆ ಸಮ ಗೆರೆಗಳನ್ನು ಸರದಿಯಲ್ಲಿ ಹಿಡಿಯುತ್ತಿದ್ದುದರಿಂದ, ಬೀಸಿದ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು ಕಾಣುತ್ತಿದ್ದುವು. ಅದನ್ನು ಸರಿಪಡಿಸುವ ಏರ್ಪಾಡೂ ಇತ್ತು. ಧ್ವನಿಯನ್ನು ಮತ್ತೆ ಕುಗ್ಗಿಸದೆ ಇದ್ದಂತೆಯೇ ದಾಟಿಸಿದೆವು. ಹಾಡಿನಲ್ಲಿ ಜಿಪುಣತನ ಸಲ್ಲದಷ್ಟೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡುವುದು ವಾಡಿಕೆ. ಆದರೆ ಇಲ್ಲಿ ಯಾವ ಅಗುಳಾದರೂ ಸಾಲದು. ಎಲ್ಲಕ್ಕಿಂತ ತಡವಾಗಿ ಬೇಯುವುದನ್ನೇ ಹಿಚುಕಬೇಕು. ಹಗಲಿನ ಚಪ್ಪರವನ್ನು ಬಿಟ್ಟು, ಆರತಿಯ ಒಂದು ನಿಮಿಷವನ್ನೇ ಮೊದಲು ಪರೀಕ್ಷಿಸಿದೆವು. ಆಮೇಲೆ ಇಡೀ ತಟ್ಟೆ ಮುಗಿದಾಗ ೧.೬ ಗಿಗಾಬೈಟ್ ಆಯಿತು.

ಆ ರಾತ್ರಿ ಇಬ್ಬರೂ ಕುಳಿತು ನೋಡಿದೆವು. ಹಾಡಿನ ಮೂರನೆಯ ನುಡಿಯಲ್ಲಿ ನಮ್ಮ ತಾಯಿಯವರು ಒಂದು ಕ್ಷಣ ತಡವರಿಸಿ ಪಕ್ಕಕ್ಕೆ ತಿರುಗುತ್ತಾರೆ. ಅಲ್ಲಿ ನಿಂತ ಸೊಸೆಯ ತುಟಿಗಳು ಸದ್ದಿಲ್ಲದೆ ಅಲುಗುತ್ತವೆ. ಅತ್ತೆಯವರು ಮುಗುಳ್ನಕ್ಕು ಹಾಡನ್ನು ಮುಂದುವರಿಸುತ್ತಾರೆ. ಇಷ್ಟು ವರ್ಷ ನಾವು ಇದನ್ನು ಗಮನಿಸಿರಲೇ ಇಲ್ಲ. ೩೦೦ ಮೆಗಾಬೈಟಿನ ಪ್ರತಿಯಲ್ಲಿ ಆ ತುಟಿಗಳೂ ಇರಲಿಲ್ಲ, ಆ ನಗೆಯೂ ಇರಲಿಲ್ಲ.

“ನಿನಗೆ ಇದು ನೆನಪಿತ್ತೇ?” ಎಂದು ಕೇಳಿದೆವು.

“ಮರೆಯುವುದುಂಟೇ?” ಎಂದು ಆಕೆ ಕಣ್ಣೊರಸಿಕೊಂಡಳು.

ಕಣ್ಣಿಗೆ ಬೀಳಲಾರದೆಂದು ತೋರಿದುದನ್ನು ಬಿಡುವುದೇ ಈ ತಂತ್ರಾಂಶಗಳ ಜಾಣತನ. ಆದರೆ ಯಾರ ಕಣ್ಣಿಗೆ ಏನು ಬೇಕೆಂಬುದು ಅವಕ್ಕೆ ತಿಳಿಯದು. ಅದನ್ನು ಮನೆಯವರೇ ಕುಳಿತು ನೋಡಿ ನಿರ್ಧರಿಸಬೇಕು. ಚಿಕ್ಕ ಪ್ರತಿಯು ಮಗಳನ್ನು ಸೇರಿತು. ದೊಡ್ಡದನ್ನು ಅಳಿಸಲಿಲ್ಲ, ಎರಡು ಹಾರ್ಡ್‌ಡಿಸ್ಕುಗಳಲ್ಲಿ ತುಂಬಿಸಿ, ಒಂದನ್ನು ನಮ್ಮ ಬೀರುವಿನಲ್ಲಿಯೂ ಇನ್ನೊಂದನ್ನು ಸೋದರಳಿಯನ ಮನೆಯಲ್ಲಿಯೂ ಇಟ್ಟಿದ್ದೇವೆ. ಓದಿಸಿಕೊಳ್ಳದ ಆ ತಟ್ಟೆಯೂ ಬೀರುವಿನಲ್ಲಿಯೇ ಇದೆ. ಅದನ್ನು ಎಸೆಯಲು ಈಗಲೂ ಮನಸ್ಸು ಬಂದಿಲ್ಲ.