ಇನ್ನೊಂದು ಕಿವಿ

ಹಲಸಿನ ಹಣ್ಣು ಕೊಯ್ದವನೂ ಒಳ್ಳೆಯ ಹಾಡು ಕೇಳಿದವನೂ ಸುಮ್ಮನೆ ಕುಳಿತಿರಲಾರರು. ಹಣ್ಣು ಮನೆಯವರಿಗೇ ಸಾಕಾದೀತು. ಆದರೂ ನಾಲ್ಕು ತೊಳೆ ಪಕ್ಕದ ಮನೆಗೆ ಹೋಗದಿದ್ದರೆ ಕೊಯ್ದವನಿಗೆ ಸಮಾಧಾನವಿಲ್ಲ. ಹಾಡಿನ ಕಥೆಯೂ ಅದೇ. ಒಬ್ಬನೇ ಕೇಳಿ ತಲೆದೂಗಿದರೆ ಸುಖ ಅರ್ಧಕ್ಕೇ ನಿಲ್ಲುತ್ತದೆ. 'ಇಲ್ಲಿ ಬಾ, ಇದನ್ನೊಂದಿಷ್ಟು ಕೇಳು' ಎಂದು ಕರೆಯುವುದಕ್ಕೆ ಇನ್ನೊಂದು ಕಿವಿ ಬೇಕು. ವ್ಯತ್ಯಾಸ ಇಷ್ಟೇ: ಹಲಸಿನ ತೊಳೆಯನ್ನು ಬೇಡವೆನ್ನುವವರು ಕಡಮೆ.

ನನ್ನ ಕಷ್ಟ ಇನ್ನೂ ಸ್ವಲ್ಪ ಹೆಚ್ಚಿನದು. ಹಗಲೆಲ್ಲ ಕಾಲೇಜಿನಲ್ಲಿ ಪಂಪ, ರಾಘವಾಂಕರನ್ನು ಪಾಠ ಹೇಳುವ ನಾನು ರಾತ್ರಿ ಊಟವಾದ ಮೇಲೆ ಕೇಳುವುದು ಹಳೆಯ ಬ್ಲೂಸ್, ರಾಕ್, ಸರ್ಫ್ ಸಂಗೀತವನ್ನು. ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಸೀಮೆಯ ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು. ರಾಕ್ ಅದರ ಮಗ. ಸ್ವಲ್ಪ ಗಲಾಟೆಯ ಹುಡುಗ. ಸರ್ಫ್ ಎಂಬುದು 1960ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯದ ಕಡಲ ತೀರದಲ್ಲಿ, ಹಲಗೆಯ ಮೇಲೆ ನಿಂತು ಅಲೆಗಳನ್ನೇರುವ ಪಡ್ಡೆ ಹುಡುಗರ ನಡುವೆ ಬೆಳೆದ ಅದರ ದಾಯಾದಿ. ಈ ವಿಷಯ ತಿಳಿದ ಸಹೋದ್ಯೋಗಿಗಳು, ಮಡಿವಂತರ ಅಡುಗೆಮನೆಯಲ್ಲಿ ಈರುಳ್ಳಿ ಕಂಡವರಂತೆ ನನ್ನನ್ನು ನೋಡುತ್ತಾರೆ. 'ಕನ್ನಡ ಮೇಷ್ಟರಾಗಿ ಇದೇನು ಸ್ವಾಮಿ?' ಎಂದು ಒಬ್ಬರು ಕೇಳಿಯೇಬಿಟ್ಟರು. ಕಿವಿಗೆ ಎಂ.ಎ. ಆಗಿಲ್ಲವೆಂದು ಹೇಳಿ ತಪ್ಪಿಸಿಕೊಂಡೆ.

ಮನೆಯಲ್ಲಿ ಮೊದಲು ಸಿಕ್ಕಿದ ಕಿವಿ ನನ್ನ ಹೆಂಡತಿಯದು. ಡಿಕ್ ಡೇಲ್ ಎಂಬಾತ 1962ರಲ್ಲಿ ನುಡಿಸಿದ 'ಮಿಸಿರ್ಲೂ' ಎಂಬ ಸರ್ಫ್ ಕೃತಿಯನ್ನು ಅವಳಿಗೆ ಕೇಳಿಸಿದೆ. ಗಿಟಾರಿನ ತಂತಿಯ ಮೇಲೆ ಕಲ್ಲುಮಳೆ ಸುರಿದಂತೆ ನುಡಿಸುತ್ತಾನೆ ಪುಣ್ಯಾತ್ಮ. ಅವಳು ಹುರುಳಿಕಾಯಿ ಸೋಸುತ್ತಿದ್ದವಳು ತಲೆಯೆತ್ತಿ, 'ಇದೇನ್ರೀ, ಸರಳೆ ವರಸೆಯ ರಾಗ! ಎಷ್ಟು ಅವಸರ ಇವನಿಗೆ!' ಎಂದಳು. ಹುಡುಗಿಯಾಗಿದ್ದಾಗ ನಾಲ್ಕು ವರ್ಷ ಪಾಟಿನ ಮೇಷ್ಟರ ಎದುರು ಮಾಯಾಮಾಳವಗೌಳ ರಾಗದಲ್ಲಿ ಸರಳೆ ಹಾಡಿದ ಕಿವಿ ಅದು. ಅವಳ ಮಾತು ನಿಜವೇ. ಮಿಸಿರ್ಲೂ ಎಂದರೆ ಈಜಿಪ್ಟಿನ ಹುಡುಗಿ. ಗ್ರೀಸ್, ತುರ್ಕಿಗಳ ಕಡೆಯಿಂದ ಬಂದ ಹಳೆಯ ಮಟ್ಟು ಅದು. ಅದರ ಸ್ವರಗಳು ನಮ್ಮ ಮಾಯಾಮಾಳವಗೌಳದ ಸ್ವರಗಳೇ. ಡಿಕ್ ಡೇಲನ ತಂದೆಯ ಕಡೆಯವರು ಲೆಬನಾನಿನವರು. ಹೀಗೆ ಮನೆಯವರಿಂದ ಮನೆಯವರಿಗೆ ದಾಟಿ ಬಂದ ಮಟ್ಟು ಕ್ಯಾಲಿಫೋರ್ನಿಯದ ಅಲೆಯನ್ನೇರಿ ನಮ್ಮ ಹುರುಳಿಕಾಯಿಯ ಮೊರದವರೆಗೂ ಬಂದಿತ್ತು. ನಾನು ನೂರು ಸಲ ಕೇಳಿಯೂ ಕಾಣದಿದ್ದುದನ್ನು ಅವಳು ಒಂದೇ ಸಲಕ್ಕೆ ಕಂಡಳು.

ಹಂಚಿಕೊಳ್ಳುವುದರ ಲಾಭ ಇದೇ. ಕೊಟ್ಟ ಹಾಡು ಹೋದ ಹಾಗೆಯೇ ಹಿಂದಿರುಗಿ ಬರುವುದಿಲ್ಲ. ಕೇಳಿದವರ ಮನೆಯ ವಾಸನೆಯನ್ನು ಹೊತ್ತು ಬರುತ್ತದೆ.

ಈಗ ಹಾಡು ಕಳಿಸುವುದು ಬಹಳ ಸುಲಭ. ಫೋನಿನ ಮೇಲೆ ಬೆರಳಿಟ್ಟರೆ ಐವತ್ತು ಮಂದಿಗೆ ಒಟ್ಟಿಗೇ ಹೋಗುತ್ತದೆ. ಕಳಿಸಿದ ಅರೆ ನಿಮಿಷದಲ್ಲಿ ಎತ್ತಿದ ಹೆಬ್ಬೆರಳಿನ ಚಿತ್ರ ಬರುತ್ತದೆ. ಮೂರು ನಿಮಿಷದ ಹಾಡನ್ನು ಅರೆ ನಿಮಿಷದಲ್ಲಿ ಮೆಚ್ಚುವ ವಿದ್ಯೆಯನ್ನು ನಾನಿನ್ನೂ ಕಲಿತಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಹಾಸ್ಟೆಲಿನಲ್ಲಿ ಅರುವತ್ತು ನಿಮಿಷದ ಕ್ಯಾಸೆಟ್ಟನ್ನು ನಕಲು ಮಾಡಿಕೊಡಲು ಅರುವತ್ತು ನಿಮಿಷವೂ ಕಾಯಬೇಕಿತ್ತು. ಕೊಡುವವನು ತನ್ನ ಬದುಕಿನ ಒಂದು ಗಂಟೆಯನ್ನೂ ಜೊತೆಗೆ ಕಟ್ಟಿ ಕೊಡುತ್ತಿದ್ದ.

ಈ ಸಂಗೀತದ ಚರಿತ್ರೆಯೇ ಕೈಯಿಂದ ಕೈಗೆ ದಾಟಿದ ಚರಿತ್ರೆ. ಮಡ್ಡಿ ವಾಟರ್ಸ್ ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದವನು. 1941ರಲ್ಲಿ ಆಲನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕ ಅವನಿದ್ದಲ್ಲಿಗೇ ಹೋಗಿ ಹಾಡನ್ನು ಮುದ್ರಿಸಿಕೊಂಡ. 1943ರಲ್ಲಿ ಮಡ್ಡಿ ಶಿಕಾಗೋ ಸೇರಿದ. ಅವನ ಗ್ರಾಮಫೋನ್ ತಟ್ಟೆಗಳು ಕಡಲು ದಾಟಿದವು. 1961ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜ್ಯಾಗರ್ ಎಂಬ ವಿದ್ಯಾರ್ಥಿ, ಚಕ್ ಬೆರ್ರಿ ಮತ್ತು ಮಡ್ಡಿಯ ತಟ್ಟೆಗಳನ್ನು ಹಿಡಿದಿದ್ದ. ಬಾಲ್ಯದಲ್ಲಿ ಒಂದೇ ಶಾಲೆಯಲ್ಲಿ ಓದಿದ್ದ ಕೀತ್ ರಿಚರ್ಡ್ಸನಿಗೆ ಅವು ಕಣ್ಣಿಗೆ ಬಿದ್ದವು. ಮಾತು ಬೆಳೆಯಿತು. ಮರುವರ್ಷ ಕಟ್ಟಿದ ತಂಡಕ್ಕೆ ಮಡ್ಡಿಯ ಹಾಡೊಂದರಿಂದಲೇ ಹೆಸರು ಬಂತು: ರೋಲಿಂಗ್ ಸ್ಟೋನ್ಸ್. 2003ರಲ್ಲಿ ಅವರು ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿದರು. ಆ ದಿನ ಮಿಕ್ ತನ್ನ ತಟ್ಟೆಗಳನ್ನು ಚೀಲದೊಳಗೆ ಮುಚ್ಚಿಟ್ಟುಕೊಂಡಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು?

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ತಟ್ಟೆ 1927ರದು. ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಟೆಕ್ಸಸ್ಸಿನ ಕುರುಡ ಗಾಯಕ ಬೀದಿಯಲ್ಲಿ ನಿಂತು ದೇವರ ಹಾಡುಗಳನ್ನು ಬ್ಲೂಸ್ ಧಾಟಿಯಲ್ಲಿ ಹಾಡುತ್ತಿದ್ದ. 'ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್' ಎಂಬ ಅವನ ಕೃತಿಯಲ್ಲಿ ಒಂದು ಪದವೂ ಇಲ್ಲ. ಗಿಟಾರು ನರಳುತ್ತದೆ, ಅದರ ಜೊತೆಗೆ ಅವನೂ ನರಳಿದಂತೆ ಗುನುಗುತ್ತಾನೆ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಅಂತರಿಕ್ಷಕ್ಕೆ ಕಳಿಸಿದ ಚಿನ್ನದ ತಟ್ಟೆಯಲ್ಲಿ ಇದೂ ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಆಕೆ ನಮ್ಮ ಮಲ್ಲಿಕಾರ್ಜುನ ಮನ್ಸೂರರ ಘರಾಣೆಯವರೇ. ಮನುಷ್ಯ ಕೊನೆಗೆ ನಕ್ಷತ್ರಗಳನ್ನೂ ಕರೆದು 'ಇದನ್ನೊಂದಿಷ್ಟು ಕೇಳು' ಎಂದಿದ್ದಾನೆ. ಅಲ್ಲಿ ಕಿವಿ ಇದೆಯೋ ಇಲ್ಲವೋ, ಆ ಮಾತು ಬೇರೆ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಇದನ್ನು ಕೇಳುತ್ತಿದ್ದೆ. ಹೂಬತ್ತಿ ಹೊಸೆಯುತ್ತಿದ್ದ ಅಮ್ಮನ ಕೈ ನಿಂತಿತು. ಎಂಬತ್ತರ ಹತ್ತಿರದ ಕಿವಿ, ಇಂಗ್ಲಿಷಿನ ಗಂಧವಿಲ್ಲ. ಹಾಡು ಮುಗಿದ ಮೇಲೆ, 'ಇವನಿಗೆ ಯಾರು ಹೋದರಂತೆ, ಮಗು?' ಎಂದಳು. ಯೇಸುವಿನ ಕೊನೆಯ ಇರುಳಿನ ಹಾಡಂತೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮಮ್ಮನೂ ಹೀಗೇ ಗುನುಗುತ್ತಿದ್ದಳು' ಎಂದಳು.

ಅಜ್ಜಿಯನ್ನು ನಾನು ಕಂಡಿದ್ದೇನೆ. ತಲೆತುಂಬ ಸೆರಗು ಹೊದ್ದು ಹಿತ್ತಿಲ ಬಾಗಿಲಲ್ಲಿ ಕುಳಿತಿರುತ್ತಿದ್ದ ಮುದುಕಿ. ಅವಳು ಹಾಡುತ್ತಿದ್ದಳೆಂದು ಯಾರೂ ನನಗೆ ಹೇಳಿರಲಿಲ್ಲ. ಅಮ್ಮ ಹೇಳಿದಳು: 'ಊರಲ್ಲಿ ಅವಳ ಹಸೆಹಾಡಿಲ್ಲದೆ ಮದುವೆಯೇ ಆಗುತ್ತಿರಲಿಲ್ಲ. ನಮ್ಮಪ್ಪ ಹೋದ ಮೇಲೆ ಕರೆಯುವುದನ್ನು ಬಿಟ್ಟರು. ಆಮೇಲೆ ಬೆಳಗಿನ ಜಾವ ರಾಗಿ ಬೀಸುವಾಗ ಮಾತ್ರ ಗುನುಗೋಳು. ಪದ ಇಲ್ಲ, ಬರೀ ರಾಗ. ಪದ ಕೇಳಿಸಿದರೆ ಜನ ಏನಾದರೂ ಅಂದಾರು ಅಂತ. ನಾನು ಚಾಪೆಯ ಮೇಲೆ ಎಚ್ಚರವಾಗಿಯೇ ಮಲಗಿರುತ್ತಿದ್ದೆ. ನನಗೆ ಕೇಳಿಸುತ್ತೆ ಅಂತ ಅವಳಿಗೆ ಗೊತ್ತಾಗಲೇ ಇಲ್ಲ.'

ನಾನು ಏನೂ ಹೇಳಲಿಲ್ಲ. ಅಮ್ಮ ಮತ್ತೆ ಬತ್ತಿ ಕೈಗೆ ತೆಗೆದುಕೊಂಡಳು. ಮರುದಿನ ಸಂಜೆ ತಾನಾಗಿಯೇ, 'ಆ ಕುರುಡಪ್ಪನ ಹಾಡು ಹಾಕು' ಎಂದಳು. ಕೇಳಿ ಮುಗಿಸಿ, 'ಇದನ್ನು ನಿಮ್ಮಕ್ಕನಿಗೂ ಕಳಿಸು' ಎಂದಳು.

ಕಳಿಸಿದೆ. ಹೆಬ್ಬೆರಳಿನ ಚಿತ್ರ ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಅಕ್ಕನೇ ಫೋನು ಮಾಡಿ, 'ಅಮ್ಮನಿಗೆ ಇದು ಹಿಡಿಸಿತೇನೋ? ಏನಂದಳು?' ಎಂದು ಕೇಳಿದಳು. ಅದನ್ನು ಹೇಳಬೇಕಾದವನು ನಾನಲ್ಲ. ಫೋನನ್ನು ಅಮ್ಮನ ಕೈಗೆ ಕೊಟ್ಟು ಹೊರಗೆ ಜಗಲಿಗೆ ಬಂದೆ.