ಶಾರ್ಡಿನ್: ಅಡುಗೆಮನೆಯ ಬೆಳಕನ್ನು ಬರೆದ ಚಿತ್ರಕಾರ

ಜಾನ್ ಸಿಮೆಯೊನ್ ಶಾರ್ಡಿನ್ (1699–1779) ಹದಿನೆಂಟನೆಯ ಶತಮಾನದ ಫ್ರಾನ್ಸಿನ ಚಿತ್ರಕಾರ. ಹುಟ್ಟಿದ್ದು ಪ್ಯಾರಿಸ್, ಕೆಲಸ ಮಾಡಿದ್ದು ಪ್ಯಾರಿಸ್, ತೀರಿಕೊಂಡದ್ದೂ ಪ್ಯಾರಿಸ್. ಹತ್ತಿರದ ವರ್ಸಾಯ್, ಫಾಂಟೆನ್‌ಬ್ಲೋಗಳಿಗೆ ಹೋಗಿಬಂದದ್ದು ಬಿಟ್ಟರೆ ಊರು ದಾಟಿದವನಲ್ಲ. ಆ ಕಾಲದ ಕಲಾವಿದರು ಹಂಬಲಿಸಿ ಹೋಗುತ್ತಿದ್ದ ರೋಮನ್ನು ಆತ ಕಾಣಲೇ ಇಲ್ಲ. ಬರೆದದ್ದಾದರೂ ಏನು? ತಾಮ್ರದ ಪಾತ್ರೆ, ಬೆಳ್ಳುಳ್ಳಿ ಗಡ್ಡೆ, ಸತ್ತ ಮೊಲ, ನೀರು ತುಂಬಿದ ಲೋಟ, ತರಕಾರಿ ಹೆರೆಯುವ ಕೆಲಸದಾಕೆ. ದೇವತೆಗಳನ್ನೂ ದಂಡನಾಯಕರನ್ನೂ ಬರೆದವರಿಗೆ ಮಾತ್ರ ದೊಡ್ಡ ಹೆಸರು ಸಿಗುತ್ತಿದ್ದ ಯುಗದಲ್ಲಿ ಇಂಥ ವಸ್ತುಗಳ ಮುಂದೆ ಕೂತು ಬಾಳು ಸವೆಸಿದ್ದು ಹಟವೂ ಹೌದು, ಶ್ರದ್ಧೆಯೂ ಹೌದು.

ಅವನ ತಂದೆ ಬಡಗಿ. ಬಿಲಿಯರ್ಡ್ಸ್ ಮೇಜು ಮಾಡುವುದರಲ್ಲಿ ಪಳಗಿದ ಕೈ. ಅರಮನೆಗೂ ಮೇಜು ಮಾಡಿಕೊಟ್ಟವನು. ಅಳತೆ ಒಂದು ಕೂದಲೆಳೆ ತಪ್ಪಿದರೂ ಚೆಂಡು ಅಡ್ಡದಾರಿ ಹಿಡಿಯುವ ಆ ಕಸುಬಿನ ಮನೆಯಲ್ಲಿ ಮಗ ಲ್ಯಾಟಿನ್ ಓದಲಿಲ್ಲ, ಅವನಿಗೆ ಪುರಾಣ ಇತಿಹಾಸಗಳ ಪಾಠವೂ ಆಗಲಿಲ್ಲ. ಪಿಯೆರ್ ಜಾಕ್ ಕಾಜ್ ಎಂಬ ಚಿತ್ರಕಾರನ ಬಳಿ ಸೇರಿದಾಗ ಸಿಕ್ಕಿದ್ದು ಗುರುವಿನ ರೇಖಾಚಿತ್ರಗಳನ್ನು ನಕಲು ಮಾಡುವ ಕೆಲಸ. ಎದುರಿಗಿರುವ ವಸ್ತುವನ್ನು ನೋಡಿ ಬರೆಯುವುದಕ್ಕೆ ಅಲ್ಲಿ ಹೆಚ್ಚು ಎಡೆಯಿರಲಿಲ್ಲ. ಆ ಕೊರತೆಯೇ ಮುಂದೆ ಅವನ ದಾರಿಯನ್ನು ತೀರ್ಮಾನಿಸಿತು ಎನ್ನಬೇಕು.

ತಿರುವು ಬಂದದ್ದು ನೊಯೆಲ್ ನಿಕೊಲಾ ಕ್ವಾಪೆಲ್‌ನ ಕಾರ್ಯಾಗಾರದಲ್ಲಿ. ಬೇಟೆಗಾರನೊಬ್ಬನ ಭಾವಚಿತ್ರದಲ್ಲಿ ಬಂದೂಕನ್ನು ಬರೆಯಲು ಕ್ವಾಪೆಲ್ ಈ ಹುಡುಗನನ್ನು ಕೂರಿಸಿದ. ಬಂದೂಕನ್ನು ಎಲ್ಲಿ ಇಡಬೇಕು, ಅದರ ಮೇಲೆ ಬೆಳಕು ಎತ್ತಲಿಂದ ಬೀಳಬೇಕು ಎಂದು ಗುರು ಹೊತ್ತುಗಟ್ಟಲೆ ನೋಡಿದ್ದನ್ನು ಕಂಡು ಹುಡುಗ ಬೆರಗಾದ. ಒಂದು ಜಡ ವಸ್ತುವಿಗೆ ಇಷ್ಟು ಗಮನ ಸಲ್ಲಬಹುದು ಎಂಬುದು ಅವನಿಗೆ ಹೊಸ ವಿಷಯ. ಆಮೇಲೆ ಯಾರೋ ಕೊಟ್ಟ ಸತ್ತ ಮೊಲವನ್ನು ಬರೆಯಹೊರಟ. ಗೆಳೆಯ ಕೊಶೆನ್ ದಾಖಲಿಸಿರುವ ಪ್ರಕಾರ, ಆಗ ಶಾರ್ಡಿನ್ ತನಗೆ ತಾನೇ ಒಂದು ಶರತ್ತು ಹಾಕಿಕೊಂಡ: ಈವರೆಗೆ ತಾನು ಕಂಡ ಚಿತ್ರಗಳನ್ನೆಲ್ಲ ಮರೆಯಬೇಕು, ಬೇರೆಯವರು ಮೊಲವನ್ನು ಹೇಗೆ ಬರೆದಿದ್ದಾರೆ ಎಂಬುದನ್ನೂ ಮರೆಯಬೇಕು. ರೋಮಗಳನ್ನು ಒಂದೊಂದಾಗಿ ಎಣಿಸುತ್ತ ಕೂರಬಾರದು. ವಿವರಗಳು ಕಾಣದಷ್ಟು ದೂರದಲ್ಲಿ ಇಟ್ಟು, ಮೈಯ ಉಬ್ಬುತಗ್ಗು, ಬಣ್ಣದ ಒಟ್ಟು ಮೊತ್ತ, ನೆರಳುಬೆಳಕುಗಳನ್ನು ಮೊದಲು ಹಿಡಿಯಬೇಕು. ಅವನ ಕಲಾತತ್ತ್ವ ಎಂದು ಒಂದು ಇದ್ದರೆ ಅದು ಪೂರ್ತಿ ಇಲ್ಲಿದೆ. ಮುಂದಿನ ಐವತ್ತು ವರ್ಷ ಮಾಡಿದ್ದು ಇದನ್ನೇ ಆಳಗೊಳಿಸುವ ಕೆಲಸ.

ಆಗಿನ ಫ್ರಾನ್ಸಿನ ಚಿತ್ರಕಲೆಯ ರಾಯಲ್ ಅಕಾಡೆಮಿಯಲ್ಲಿ ಚಿತ್ರಗಳಿಗೆ ಮೆಟ್ಟಿಲುಗಳಿದ್ದವು. ತುತ್ತತುದಿಯಲ್ಲಿ ಇತಿಹಾಸ, ಪುರಾಣ, ಧರ್ಮಗ್ರಂಥದ ಪ್ರಸಂಗಗಳು. ಅದರ ಕೆಳಗೆ ಭಾವಚಿತ್ರ. ನಂತರ ನಿತ್ಯಜೀವನದ ದೃಶ್ಯ ಮತ್ತು ನಿಸರ್ಗ. ಕಟ್ಟಕಡೆಗೆ ಹಣ್ಣು, ಹೂ, ಪಾತ್ರೆಪಡಗಗಳ ವಸ್ತುಚಿತ್ರ. ಶಾರ್ಡಿನ್ ಆ ಕೊನೆಯ ಮೆಟ್ಟಿಲಿನಿಂದಲೇ ಒಳಗೆ ಹೋದ. 1728ರಲ್ಲಿ ಪ್ಲಾಸ್ ದೋಫಿನ್ ಎಂಬ ಚೌಕದಲ್ಲಿ, ಹಬ್ಬದ ದಿನ ಎಳೆಯ ಕಲಾವಿದರು ಬಯಲಲ್ಲೇ ಚಿತ್ರಗಳನ್ನು ತೂಗುಹಾಕುವ ಪ್ರದರ್ಶನದಲ್ಲಿ, ಅವನ ‘ತೊರಕೆ ಮೀನು’ ಜನರ ಕಣ್ಣಿಗೆ ಬಿತ್ತು. ನಮ್ಮ ಕರಾವಳಿಯ ಮೀನು ಮಾರುಕಟ್ಟೆಗಳಲ್ಲೂ ಕಾಣುವ ಚಪ್ಪಟೆ ಮೈಯ ಮೀನಿನ ಕುಲದ್ದೇ ಅದು.

ಈ ಚಿತ್ರವನ್ನು ಹತ್ತಿರದಿಂದ ನೋಡಬೇಕು. 114 ಸೆಂಟಿಮೀಟರ್ ಎತ್ತರ, 146 ಸೆಂಟಿಮೀಟರ್ ಅಗಲದ ಕ್ಯಾನ್ವಾಸಿನ ನಡುವೆ, ಕಲ್ಲುಗೋಡೆಯ ಕೊಕ್ಕೆಗೆ ಹೊಟ್ಟೆ ಸೀಳಿದ ಮೀನು ತೂಗುತ್ತಿದೆ. ಒಳಗಿನ ಕೆಂಪು, ನಸುಗೆಂಪು, ನೇರಳೆಗಳು ಮುತ್ತಿನ ಬಿಳುಪಿನ ಚರ್ಮದಡಿ ಹೊಳೆಯುತ್ತವೆ. ಮೀನಿನ ಮೂಗುಬಾಯಿಗಳು ಸೇರಿ ಮನುಷ್ಯನ ನೊಂದ ಮುಖದ ಹಾಗೆ ಕಾಣುವುದು ನೋಡುಗರನ್ನು ಅಂದಿನಿಂದ ಇಂದಿನವರೆಗೆ ತಡೆದು ನಿಲ್ಲಿಸಿದೆ. ಎಡಕ್ಕೆ ತೆರೆದ ಸಿಂಪಿಗಳ ಮೇಲೆ ಬೆನ್ನು ಕಮಾನಾಗಿಸಿ ಕೂದಲು ನಿಮಿರಿಸಿದ ಬೆಕ್ಕು. ಬಲಕ್ಕೆ ಹೂಜಿ, ಬಾಣಲೆ, ಬಿಳಿ ಬಟ್ಟೆ. ಹಿಡಿಕೆ ಮೇಜಿನಂಚಿನಿಂದ ಹೊರಕ್ಕೆ ಚಾಚಿದ ಚಾಕು. ಎಡಭಾಗವೆಲ್ಲ ಜೀವ ಇದ್ದದ್ದು ಅಥವಾ ಇರುವುದು, ಬಲಭಾಗವೆಲ್ಲ ಮನುಷ್ಯ ಮಾಡಿದ್ದು. ಎರಡರ ನಡುವೆ ಆ ಮೀನು. ಅಸಹ್ಯ ಹುಟ್ಟಿಸಬೇಕಾದ ವಸ್ತುವಿನಿಂದ ಕಣ್ಣು ಕೀಳಲಾಗದಂತೆ ಮಾಡಿದ್ದು ಬಣ್ಣದ ಮೇಲಿನ ಹಿಡಿತ.

ಅಕಾಡೆಮಿಗೆ ಅರ್ಜಿ ಹಾಕುವ ದಿನ ಶಾರ್ಡಿನ್ ತನ್ನ ಚಿತ್ರಗಳನ್ನು ಹೊರಕೋಣೆಯಲ್ಲಿ ಯಾರದೋ ಎಂಬಂತೆ ಇಟ್ಟು ಸುಮ್ಮನಿದ್ದನಂತೆ. ಹಿರಿಯ ಕಲಾವಿದ ಲಾರ್ಜಿಲ್ಯೇರ್ ಅವನ್ನು ಯಾರೋ ಒಳ್ಳೆಯ ಫ್ಲೆಮಿಶ್ ಕಲಾವಿದನ ಕೃತಿಗಳೆಂದು ಹೊಗಳಿದ ಮೇಲೆ ಗುಟ್ಟು ಬಯಲಾಯಿತು. 1728ರ ಸೆಪ್ಟೆಂಬರ್ 25ರಂದು, ಒಂದೇ ದಿನದಲ್ಲಿ, ಅರ್ಜಿಯೂ ಸದಸ್ಯತ್ವವೂ ಎರಡೂ ಮುಗಿದವು. ‘ತೊರಕೆ ಮೀನು’ ಮತ್ತು ‘ಬಫೆ’ ಎಂಬ ಎರಡು ಚಿತ್ರಗಳು ಅಕಾಡೆಮಿಗೆ ಸಂದವು. ಈಗ ಲೂವ್ರ್ ಸಂಗ್ರಹಾಲಯದಲ್ಲಿವೆ. ಪ್ರಾಣಿ ಮತ್ತು ಹಣ್ಣುಗಳನ್ನು ಬರೆಯುವುದರಲ್ಲಿ ನಿಪುಣ ಎಂಬ ಹಣೆಪಟ್ಟಿಯೊಂದಿಗೆ ಅವನು ಒಳಗೆ ಬಂದ.

1731ರಲ್ಲಿ ಮಾರ್ಗರೀತ್ ಸೆಂತಾರ್ ಜೊತೆ ಮದುವೆ. ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡಳು. ಪುಟ್ಟ ಮಗಳೂ ಉಳಿಯಲಿಲ್ಲ. ಈ ವರ್ಷಗಳಲ್ಲೇ ಅವನ ಚಿತ್ರಗಳಿಗೆ ಮನುಷ್ಯರು ಬಂದರು. ಅದಕ್ಕೊಂದು ಕಾರಣವನ್ನು ಸಮಕಾಲೀನ ಸಂಗ್ರಾಹಕ ಮಾರಿಯೆಟ್ ಹೇಳುತ್ತಾನೆ. ಭಾವಚಿತ್ರಕಾರ ಆವೆದ್ ಆಗಿನ ಫ್ರೆಂಚ್ ನಾಣ್ಯದಲ್ಲಿ 400 ಲಿವ್ರ್‌ಗಳ ಕೆಲಸವೊಂದನ್ನು ಸಂಭಾವನೆ ಸಾಲದೆಂದು ಬಿಟ್ಟುಕೊಟ್ಟಾಗ ಶಾರ್ಡಿನ್, ಅದೇನು ಕಡಿಮೆ ದುಡ್ಡೇ ಎಂದನಂತೆ. ಭಾವಚಿತ್ರವೆಂದರೆ ಸಾಸೇಜು ಬರೆದಷ್ಟು ಸುಲಭವಲ್ಲ ಎಂದು ಆವೆದ್ ಚುಚ್ಚಿದ. ಮಾತು ನಾಟಿತು. ಆದರೆ ಮನುಷ್ಯರನ್ನು ಬರೆಯುವಾಗಲೂ ಶಾರ್ಡಿನ್ ತನ್ನ ಜಾಯಮಾನ ಬಿಡಲಿಲ್ಲ. ಕಿಟಕಿಯ ಕಟ್ಟೆಗೆ ಒರಗಿ ಸೋಪಿನ ಗುಳ್ಳೆ ಊದುವ ಯುವಕ, ಇಸ್ಪೀಟೆಲೆಗಳಿಂದ ಮನೆ ಕಟ್ಟುವ ಹುಡುಗ, ಸಂತೆಯಿಂದ ರೊಟ್ಟಿ ಮಾಂಸ ಹೊತ್ತು ತಂದು ಉಸಿರು ತಿರುಗಿಸಿಕೊಳ್ಳುವ ಕೆಲಸದಾಕೆ: ಇವರಲ್ಲಿ ಯಾರೂ ನೋಡುಗನತ್ತ ತಿರುಗುವುದಿಲ್ಲ. ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ. ಮುಳುಗಿದ ಮನುಷ್ಯ ಕದಲದೆ ಇರುತ್ತಾನೆ. ಕದಲದವನನ್ನು ಪಾತ್ರೆಯಷ್ಟೇ ನಿಧಾನವಾಗಿ ನೋಡಬಹುದು.

ಈ ಸಾಲಿನಲ್ಲಿ ಹೆಚ್ಚು ಹೆಸರಾದದ್ದು ‘ಊಟದ ಮುಂಚಿನ ಪ್ರಾರ್ಥನೆ’. ತಾಯಿ ಮೇಜಿಗೆ ತಟ್ಟೆ ಇಡುತ್ತ ತುಸು ಬಾಗಿದ್ದಾಳೆ. ಗಿಡ್ಡ ಕುರ್ಚಿಯಲ್ಲಿ ಕೂತ ಕಿರಿಯ ಮಗು ಕೈಮುಗಿದಿದೆ. ಕುರ್ಚಿಗೆ ಆಟದ ಪುಟ್ಟ ನಗಾರಿಯೊಂದನ್ನು ತೂಗುಹಾಕಿದೆ. ಊಟಕ್ಕೆ ಕರೆದಾಗ ಆಟ ಅರ್ಧಕ್ಕೆ ನಿಂತಿದೆ ಎಂದು ಅದೇ ಹೇಳುತ್ತದೆ. ಸೂಪು ಆರುವ ಮುಂಚೆ ಪ್ರಾರ್ಥನೆ ಮುಗಿಯಲಿ ಎಂಬ ತಾಯಿಯ ಕಾಯುವಿಕೆ ಚಿತ್ರದ ತುಂಬ ಹರಡಿದೆ. ಇದನ್ನೂ ಇದರ ಜೊತೆಗಾರ ಚಿತ್ರವನ್ನೂ 1740ರಲ್ಲಿ ಹದಿನೈದನೆಯ ಲೂಯಿ ದೊರೆಗೆ ಒಪ್ಪಿಸಲಾಯಿತು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಇಂಥ ಚಿತ್ರಗಳ ಅಚ್ಚುಪ್ರತಿಗಳು ಅಗ್ಗದ ಬೆಲೆಗೆ ಮಾರಾಟವಾಗಿ, ಚಿತ್ರದಲ್ಲಿದ್ದಂಥ ಮನೆಗಳ ಗೋಡೆಗೇ ತಲುಪಿದ್ದು.

1744ರಲ್ಲಿ ಮರುಮದುವೆಯಾದ ಮೇಲೆ ಬದುಕು ಹದಕ್ಕೆ ಬಂತು. 1750ರ ದಶಕದಲ್ಲಿ ಅವನು ಮತ್ತೆ ವಸ್ತುಚಿತ್ರಕ್ಕೆ ಮರಳಿದ. ಈ ಸಲ ವಸ್ತುಗಳು ಕಡಿಮೆ, ಗಾಳಿ ಹೆಚ್ಚು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ‘ನೀರಿನ ಲೋಟ ಮತ್ತು ಕಾಫಿ ಪಾತ್ರೆ’ಯಲ್ಲಿ ಒಂದು ಗಾಜಿನ ಲೋಟ, ಒಂದು ಕಂದು ಪಾತ್ರೆ, ಮೂರು ಬೆಳ್ಳುಳ್ಳಿ ಗಡ್ಡೆ, ಹೆಚ್ಚುಕಡಿಮೆ ಇಷ್ಟೇ. ಲೋಟದೊಳಗೆ ನೀರು ಇದೆ ಎಂದು ತಿಳಿಯುವುದು ಹಿಂದಿನ ಗೋಡೆಯ ಬಣ್ಣ ಅಲ್ಲಿ ತುಸು ಬದಲಾಗುವುದರಿಂದ. ಬೆಳ್ಳುಳ್ಳಿಯ ಬಿಳುಪು ಅಪ್ಪಟ ಬಿಳಿಯಲ್ಲ. ಒಂದು ವಸ್ತುವಿನ ಬಣ್ಣ ಪಕ್ಕದ್ದರ ಮೇಲೆ ಬೀಳದೆ ಇರದು ಎಂಬ ಅರಿವು ಅವನ ಪ್ರತಿ ಮೇಜಿನ ಮೇಲೂ ಕೆಲಸ ಮಾಡುತ್ತದೆ. ವಿಮರ್ಶಕ ದಿದೆರೋ ಇದರ ಮುಂದೆ ಸೋತುಹೋಗಿದ್ದ. ಹತ್ತಿರ ಹೋದರೆ ಎಲ್ಲ ಕಲಸಿಹೋಗುತ್ತದೆ, ಹಿಂದೆ ಸರಿದರೆ ಎಲ್ಲ ಮತ್ತೆ ಕೂಡಿಕೊಳ್ಳುತ್ತದೆ ಎಂಬುದು ಅವನ ಬೆರಗು. ಒಂದರ ಮೇಲೊಂದು ದಪ್ಪ ಬಣ್ಣದ ಪದರ, ಮೊದಲೇ ರೇಖೆ ಹಾಕಿಕೊಳ್ಳದೆ ವಸ್ತುವನ್ನು ನೋಡುತ್ತಲೇ ನೇರ ಕ್ಯಾನ್ವಾಸಿನ ಮೇಲೆ ಕೆಲಸ, ವರ್ಷಕ್ಕೆ ಬೆರಳೆಣಿಕೆಯ ಚಿತ್ರ. ಶಾರ್ಡಿನ್ ಬರೆಯುವುದನ್ನು ಕಣ್ಣಾರೆ ಕಂಡವರು ಇರಲಿಲ್ಲವಂತೆ. ಬಣ್ಣಗಳ ಬಗ್ಗೆ ಉದ್ದುದ್ದ ಮಾತಾಡುತ್ತಿದ್ದ ಕಲಾವಿದನೊಬ್ಬನಿಗೆ ಅವನು, ಬಣ್ಣ ಬರೀ ಬಳಸುವ ಸಾಮಗ್ರಿ, ಚಿತ್ರ ಬರೆಸುವುದು ಭಾವ ಎಂದು ಹೇಳಿದ್ದನ್ನು ಕೊಶೆನ್ ನೆನೆದಿದ್ದಾನೆ.

ಅಕಾಡೆಮಿಯ ಕೆಲಸದಲ್ಲೂ ಅವನು ನೆಚ್ಚಿನ ಆಳು. 1755ರಲ್ಲಿ ಖಜಾಂಚಿಯಾದ; 1757ರಲ್ಲಿ, ಆಗ ಅರಮನೆಯಾಗಿದ್ದ ಲೂವ್ರ್‌ನಲ್ಲೇ ವಾಸಕ್ಕೆ ಮನೆ ಸಿಕ್ಕಿತು. ಅಕಾಡೆಮಿಯ ಸಲೋನ್ ಪ್ರದರ್ಶನದಲ್ಲಿ ಯಾರ ಚಿತ್ರ ಎಲ್ಲಿ ತೂಗಬೇಕೆಂಬುದೂ ಅವನ ಹೊಣೆಯಾಯಿತು. ಕಲಾವಿದರ ಅಸಮಾಧಾನವನ್ನೆಲ್ಲ ಹೊರಬೇಕಾದ ಈ ಕೆಲಸದಲ್ಲಿ ಅವನ ದೊಡ್ಡ ಗುಣ ಕಾಣುತ್ತದೆ. 1765ರಲ್ಲಿ ಅವನು ವಿಮರ್ಶಕರನ್ನು ಬೇಡಿಕೊಂಡದ್ದನ್ನು ದಿದೆರೋ ಬರೆದಿಟ್ಟಿದ್ದಾನೆ. ಏಳೆಂಟು ವರ್ಷಕ್ಕೇ ಕೈಗೆ ಸೀಸದ ಕಡ್ಡಿ ಬರುತ್ತದೆ; ಕಣ್ಣು, ಮೂಗು, ಪಾದಗಳನ್ನು ನಕಲು ಮಾಡುತ್ತ, ಪ್ರತಿಮೆಗಳ ಮುಂದೆ ಬೆನ್ನು ಬಾಗಿಸಿ ವರ್ಷಗಳು ಕಳೆಯುತ್ತವೆ; ಅದಾದ ಮೇಲೆ ಜೀವಂತ ಪ್ರಕೃತಿ ಎದುರಾದಾಗ ಕಲಿತದ್ದು ಸಾಲದೆಂದು ತಿಳಿಯುತ್ತದೆ. ಪ್ರದರ್ಶನದ ಅತಿ ಸಾಮಾನ್ಯ ಚಿತ್ರದ ಹಿಂದೆಯೂ ಇಷ್ಟು ದುಡಿಮೆಯಿದೆ, ಮೆತ್ತಗೆ ಮಾತಾಡಿ ಎಂದದ್ದು ಆ ಹೊತ್ತಿಗೆ ಕೀರ್ತಿಯ ಶಿಖರದಲ್ಲಿದ್ದವನು.

ಕೊನೆಯ ಕಾಲ ಕಷ್ಟದ್ದು. ಇತಿಹಾಸ ಚಿತ್ರಕಾರನಾಗಬೇಕೆಂದು ಅವನು ಆಸೆಯಿಂದ ಓದಿಸಿದ ಮಗ ಅಕಾಡೆಮಿಯ ರೋಮ್ ಪ್ರಶಸ್ತಿ ಗೆದ್ದು ಇಟಲಿಗೆ ಹೋದವನು ತಂದೆಗಿಂತ ಮುಂಚೆ ವೆನಿಸ್‌ನಲ್ಲಿ ತೀರಿಕೊಂಡ. 1774ರಲ್ಲಿ ಬಂದ ಅರಮನೆಯ ಹೊಸ ಕಲಾಡಳಿತಕ್ಕೆ ಮತ್ತೆ ಇತಿಹಾಸ ಚಿತ್ರಗಳದೇ ಮೋಹ. ಎಣ್ಣೆಬಣ್ಣದ ಒಡನಾಟದಿಂದ ಕಣ್ಣು ಕೆಟ್ಟಿತು. ಎಪ್ಪತ್ತು ದಾಟಿದ ಶಾರ್ಡಿನ್ ಕುಂಚ ಬಿಟ್ಟು ಪಾಸ್ಟೆಲ್ ಕಡ್ಡಿ ಹಿಡಿದ. ತನಗೆ ಹೊಸದಾದ ಮಾಧ್ಯಮದಲ್ಲಿ ತನ್ನನ್ನೇ ಬರೆದುಕೊಂಡ. 1771ರ ಚಿತ್ರದಲ್ಲಿ ಮೂಗಿನ ತುದಿಗೆ ಕನ್ನಡಕ, ತಲೆಗೆ ಸುತ್ತಿದ ಬಟ್ಟೆ. 1775ರದರಲ್ಲಿ ಹಣೆಗೆ ಬೆಳಕು ತಡೆಯುವ ಮರೆ. ಮುದಿತನವನ್ನು ಮುಚ್ಚಿಕೊಳ್ಳುವ ಯಾವ ಪ್ರಯತ್ನವೂ ಇಲ್ಲ. ಕೆನ್ನೆಯ ಮೇಲೆ ಹಸಿರು, ನೀಲಿ, ಕೆಂಪು ಗೆರೆಗಳು ಒಂದಕ್ಕೊಂದು ಬೆರೆಯದೆ ನಿಂತಿವೆ. ದೂರದಿಂದ ಅವೇ ಮಾಂಸಲ ಚರ್ಮವಾಗುತ್ತವೆ. 1779ರ ಡಿಸೆಂಬರ್ 6ರಂದು ಅವನು ತೀರಿಕೊಂಡ.

ಫ್ರೆಂಚ್ ಕ್ರಾಂತಿಯ ಕಾಲದ ಅಭಿರುಚಿ ಅವನನ್ನು ಮರೆಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಸಾಹಿತಿಗಳಾದ ಗಾಂಕೂರ್ ಸೋದರರು ಅವನ ಬಗ್ಗೆ ಬರೆದ ಮೇಲೆ, 1869ರಲ್ಲಿ ಲಾ ಕಾಜ್ ಎಂಬ ವೈದ್ಯ ಶಾರ್ಡಿನ್ ಚಿತ್ರಗಳೂ ಇದ್ದ ತನ್ನ ಸಂಗ್ರಹವನ್ನು ಲೂವ್ರ್‌ಗೆ ಬಿಟ್ಟುಹೋದ ಮೇಲೆ, ಮತ್ತೆ ನೋಡುವವರು ಹುಟ್ಟಿದರು. ಚಿತ್ರಕಾರ ಸೆಜಾನ್ ಅವನ ಪಾಸ್ಟೆಲ್‌ಗಳನ್ನು ಮೆಚ್ಚಿದ. ಯುವ ಚಿತ್ರಕಾರ ಮಾತೀಸ್ ಲೂವ್ರ್‌ನಲ್ಲಿ ನಿಂತು ‘ತೊರಕೆ ಮೀನ’ನ್ನು ನಕಲು ಮಾಡಿ ಕಲಿತ. 2022ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಅವನ ‘ಕಾಡು ಸ್ಟ್ರಾಬೆರಿಗಳ ಬುಟ್ಟಿ’ 2.4 ಕೋಟಿ ಯೂರೋ ದಾಟಿತು. ಗೋಪುರದಂತೆ ಪೇರಿಸಿದ ಕೆಂಪು ಹಣ್ಣು, ಒಂದು ನೀರಿನ ಲೋಟ, ಎರಡು ಬಿಳಿ ಹೂ, ಪೀಚ್, ಚೆರಿ ಇರುವ ಈ ಸಣ್ಣ ಚಿತ್ರ ವಿದೇಶಕ್ಕೆ ಹೋಗದಂತೆ ಫ್ರಾನ್ಸ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಸಾರಿತು. ಒಂದು ದೊಡ್ಡ ಕಂಪನಿಯ ನೆರವು ಮತ್ತು ಸಾವಿರಾರು ಸಾಮಾನ್ಯ ಜನರ ದೇಣಿಗೆ ಸೇರಿ, 2024ರಲ್ಲಿ ಅದು ಲೂವ್ರ್‌ನ ಪಾಲಾಯಿತು.